ಹಸಿದ ಕೌದಿ

ಎರಡನೇ ಹೆಂಡತಿಯಾಗಿ ಮುಂಬೈ ಕುರ್ಲಾದ ಈ ಚಾಳಿಗೆ ಬಂದ ದಿನಾನ ನನ್ನ ಗಂಡ ಹೇಳಿದ್ರು, "ಆ ಟ್ರಂಕ್ ಒಂದು ಮುಟ್ಟಬ್ಯಾಡ." ಅದರಾಗ ಸತ್ತುಹೋದ ಮೊದಲನೇ ಹೆಂಡತಿ ಸೀರೆ ಇದ್ದವು. ಮುಟ್ಟಾಕ ನನಗೇನು ಹುಚ್ಚು ಹಿಡಿದಿತ್ತ?

ಇವರು ಸ್ಟೇಷನ್ ಹತ್ತಿರ ಟೇಲರ್. ವಾರವೆಲ್ಲಾ ಮಂದಿ ಪ್ಯಾಂಟ್ ಗಿಡ್ಡ ಮಾಡೋದು, ಆದಿತ್ಯವಾರ ಮನ್ಯಾಗ ಕುಂತು ಆ ಸೀರೆ ಕತ್ತರಿಸಿ, ತುಂಡು ಕೂಡಿಸಿ ಹೊದಿಯೋ ಕೌದಿ ಹೊಲಿಯೋದು. ಅಂಗಡಿ ಮಷೀನಿನ ಮ್ಯಾಲ ಎರಡು ದಿನದ ಕೆಲಸ. ಅದನ್ನ ಅಂದ್ರ, "ಕೈಲೆ ಹೊಲಿದ್ರ ಮನಸ್ಸು ಹಗುರಾಗ್ತದ" ಅನ್ನೋರು. ಅವರದು ಹಗುರಾತು, ನಂದು ಭಾರ ಆತು. ನನ್ನ ಬ್ಲೌಸಿನ ಹುಕ್ ಕಿತ್ತು ತಿಂಗಳಾಗಿತ್ತು, ಟೇಲರನ ಹೆಂಡತಿ ಪಿನ್ನು ಚುಚ್ಚಿಕೊಂಡು ತಿರುಗ್ತಿದ್ದೆ.

"ಇದು ಆಕಿ ಪಂಚಮಿಗೆ ಉಟ್ಟಿದ್ದು" ಅಂತ ತುಂಡು ಸವರೋರು. ನಾನು ಹ್ಞೂಂ ಅಂತ ಭಾಂಡೆ ತಿಕ್ಕತಿದ್ದೆ. ಮಣ್ಣಿನ ಸವತಿಯಾದ್ರೂ ಸವತಿ ಸವತಿನ.

ಕೌದಿ ಮುಗೀತು. ನಾಕೂ ಮೂಲಿ ಮುಚ್ಚಿ ಹೊಲಿದು ಟ್ರಂಕಿನಾಗ ಇಟ್ರು. ನಮ್ಮ ಕಡೆ ಹೆಣ್ಮಕ್ಕಳು ಕಡೀ ಮೂಲಿ ಮುಚ್ಚೋಮುಂದ ಒಳಗ ಒಂದು ಚೂರು ರೊಟ್ಟಿ ಇಡ್ತೀವಿ, ಕೌದಿ ಹಸಿದಿರಬಾರದು ಅಂತ. ಗಂಡಸರಿಗೆ ಇದೆಲ್ಲಿ ಗೊತ್ತಿರ್ತದ? ನನಗ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಹಸಿದೇ ಇರಲಿ ಆಕಿ ಅಂದುಕೊಂಡೆ. ಭಾಳ ಸಮಾಧಾನ ಆತು.

ಆ ಸಮಾಧಾನ ಎಂಟು ದಿನ ಬಾಳಲಿಲ್ಲ. ರೊಟ್ಟಿ ಬಡಿಯಾಕ ಕುಂತ್ರ ಆಕಿದ ನೆನಪು. ಊಟಕ್ಕ ಕುಂತ್ರ ತುತ್ತು ಇಳೀವಲ್ದು. ಹೊಟ್ಟಿಕಿಚ್ಚೇನೂ ಕಡಿಮಿ ಆಗಿರಲಿಲ್ಲ, ಆದ್ರ ಒಬ್ಬರನ್ನ ಉಪವಾಸ ಕೆಡವಿ ಉಣ್ಣೋದು ನನ್ನ ಕೈಲೆ ಆಗಲಿಲ್ಲ. ಇವರು ಅಂಗಡಿಗೆ ಹೋದಮ್ಯಾಲ ಟ್ರಂಕ್ ತಗದು, ಒಂದು ಮೂಲಿ ಬಿಚ್ಚಿ, ನನ್ನ ತಾಟಿನ ರೊಟ್ಟಿ ಮುರಿದಿಟ್ಟು ಮತ್ತ ಹೊಲಿದೆ.

ಟೇಲರ್ ಕಣ್ಣು ಸುಮ್ನ ಬಿಡ್ತದ? ಮುಂದಿನ ಆದಿತ್ಯವಾರ ಕೌದಿ ಹೊರಗ ತಗದು, ಆ ಮೂಲಿ ಮ್ಯಾಲ ಬೆರಳಿಟ್ಟು, "ಈ ಹೊಲಿಗಿ ನಂದಲ್ಲ" ಅಂದ್ರು.

ರೊಟ್ಟಿ ಮಾತು ಹೇಳಿದೆ.

"ಮೊದಲ ಯಾಕ ಹೇಳಲಿಲ್ಲ?"

"ಹಸಿದೇ ಇರಲಿ ಅಂತ."

ಬೈತಾರಂತ ಕುಂತೆ. ಬೈಲಿಲ್ಲ. ಕೌದಿಯ ಒಂದು ತುದಿ ತಾವು ಹಿಡಿದು, ಇನ್ನೊಂದು ನನ್ನ ಕೈಗೆ ಕೊಟ್ರು. ಇಬ್ಬರೂ ಕೂಡಿ ಮಡಚಿ ಇಟ್ವಿ. ಆಮ್ಯಾಲ ಸೂಜಿಗೆ ದಾರ ಪೋಣಿಸಿ, "ಆ ಪಿನ್ನಿನ ಬ್ಲೌಸ್ ತಾ ಇಲ್ಲಿ" ಅಂದ್ರು.

ಕಿತ್ತಿದ್ದು ಒಂದ ಹುಕ್. ಕೊಡೋಕಿಂತ ಮೊದಲ ಇನ್ನೆರಡು ನಾನ ಕಿತ್ತೆ.