ಹನ್ನೆರಡು ದಿನ ತಡ

ನನ್ನ ಸೋದರಮಾವ ಊಟ ಬಿಟ್ಟಾನು, ಹೊತ್ತು ತಪ್ಪಿಸಲಾರ. ಮೊದಲ ಮಳೆ ನೆಲಕ್ಕೆ ಗೇಣು ಆಳ ಇಳಿಯಿತೆಂದರೆ ಮಾರನೆಯ ಬೆಳಗ್ಗೆಯೇ ಮೆಕ್ಕೆಜೋಳದ ಬೀಜ ಮಣ್ಣು ಸೇರಬೇಕು. ಆ ಒಣ ನೆಲದಲ್ಲಿ ಎರಡನೆಯ ಮಳೆಯನ್ನು ನಂಬಿ ಕೂರುವವನು ಶುದ್ಧ ಪೆದ್ದ ಎನ್ನುವುದು ಅವನ ಖಡಾಖಂಡಿತ ಅಭಿಪ್ರಾಯ. ಬದುವಿನಾಚೆಯ ಹೊಲ ನನ್ನ ಅಮ್ಮನದು. ಅಮ್ಮ ಅವನ ಅಕ್ಕ, ಕಸುಬಿನಲ್ಲಿ ದರ್ಜಿ. ಬಿತ್ತನೆಯ ಹೊತ್ತಿಗೇ ಶಾಲೆ ಶುರುವಾಗಿ ಯೂನಿಫಾರ್ಮಿನ ರಾಶಿ ಅವಳ ಮೊಣಕಾಲು ಮುಟ್ಟುತ್ತಿತ್ತು. ಹಾಗಾಗಿ ಅವಳ ಬಿತ್ತನೆ ಪ್ರತಿ ವರ್ಷವೂ ಹತ್ತು ಹನ್ನೆರಡು ದಿನ ತಡ.

ಮಾವ ಇದನ್ನು ಸುಮ್ಮನೆ ಬಿಟ್ಟವನಲ್ಲ. ಮಹಾರಾಣಿಯ ಸವಾರಿ ಈಗ ಬಂತು ನೋಡಿ ಎಂದು ದಾರಿಹೋಕರಿಗೆಲ್ಲ ಸಾರುತ್ತಿದ್ದ. ಕೊಯ್ಲಿನಲ್ಲಿ ಅವಳ ಬಡಕಲು ತೆನೆಯನ್ನೂ ತನ್ನ ತುಂಬಿದ ತೆನೆಯನ್ನೂ ಒಂದೊಂದು ಕೈಯಲ್ಲಿ ಹಿಡಿದು ಮೆರೆಯುತ್ತಿದ್ದ. ಇಷ್ಟಾದರೂ ಮಧ್ಯಾಹ್ನ ಬದು ದಾಟಿ ಬಂದು ಅವಳ ಪಕ್ಕದಲ್ಲೇ ಕೂರಬೇಕು, ಬೈಯುತ್ತಲೇ ಅವಳ ಡಬ್ಬಿಗೆ ಕೈ ಹಾಕಬೇಕು. ಮದುವೆಯಾದವನಲ್ಲ. ಮಾತಿಗೂ ಜಗಳಕ್ಕೂ ಅವನಿಗಿದ್ದವಳು ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಅಮ್ಮನ ಮಂಡಿ ಹೊಲದವರೆಗೆ ನಡೆಯಲು ಒಪ್ಪದೆ ಹೋದಾಗ ಅವಳನ್ನು ನನ್ನ ಮನೆಗೆ ಕರೆತಂದೆ. ಮಾವ ಹೋಗಬೇಡ ಅನ್ನಲಿಲ್ಲ. ಹೊಲಿಗೆ ಯಂತ್ರವನ್ನು ತಾನೇ ಬಸ್ಸಿನ ಮೇಲೇರಿಸಿ, ಇನ್ನಾದರೂ ನಿನ್ನ ಹೊಲ ಸರಿಯಾದ ಹೊತ್ತಿಗೆ ಬಿತ್ತನೆ ಕಾಣುತ್ತೆ ಅಂದ. ಅಂದಂತೆ ಎರಡೂ ಹೊಲ ಒಂದೇ ದಿನ ಬಿತ್ತಿ ಫೋನಿನಲ್ಲಿ ಬೀಗಿದ. ಒಳ್ಳೇದಾಯ್ತು ಬಿಡು ಎಂದು ಫೋನ್ ಇಟ್ಟ ಅಮ್ಮ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಆ ವರ್ಷ ಅವನ ತೆನೆಗಳು ಅಲ್ಲಲ್ಲಿ ಕಾಳಿಲ್ಲದೆ ಬೊಚ್ಚುಬಾಯಿ ಬಿಟ್ಟವು. ಮರುವರ್ಷ ಬೀಜ ಬದಲಿಸಿದ, ಗೊಬ್ಬರ ಹೆಚ್ಚಿಸಿದ, ಮೂರು ಸಲ ಕಳೆ ತೆಗೆಸಿದ. ಆದರೂ ಅದೇ ಪಾಡು. ಕಡೆಗೆ ಇಳುವರಿಯ ಸಮೀಕ್ಷೆಗೆಂದು ಬಂದ ಕೃಷಿ ಸಹಾಯಕಿ ಪ್ರಶ್ನೆಪಟ್ಟಿ ಪಕ್ಕಕ್ಕಿಟ್ಟು ತೆನೆ ಸುಲಿದು ನೋಡಿದಳು. ಪಕ್ಕದ ಹೊಲವನ್ನು ಮೊದಲು ಯಾವಾಗ ಬಿತ್ತುತ್ತಿದ್ದರು ಎಂದು ಕೇಳಿದಳು. ನೀರು ಸಾಲದ ಗಿಡದಲ್ಲಿ ತೆನೆಯ ಕೂದಲು ತಡವಾಗಿ ಹೊರಬರುತ್ತದಂತೆ. ಅಷ್ಟರಲ್ಲಿ ಗಿಡದ ತುದಿಯ ಹೂವಿನ ಪುಡಿಯೆಲ್ಲ ಉದುರಿ ಮುಗಿದಿರುತ್ತದೆ. ಪುಡಿ ಬೀಳದ ಕೂದಲಿಗೆ ಕಾಳು ಕಟ್ಟುವುದಿಲ್ಲ. ಇಷ್ಟು ವರ್ಷ ಅವನ ತೆನೆ ತುಂಬಿಸಿದ್ದು ಬದುವಿನಾಚೆ ತಡವಾಗಿ ಹೂಬಿಟ್ಟ ಅಕ್ಕನ ಹೊಲದಿಂದ ಗಾಳಿಯಲ್ಲಿ ಬಂದ ಪುಡಿ.

ಅದೇ ಸಂಜೆ ಫೋನ್ ಮಾಡಿದ. ಅಮ್ಮ ಯಂತ್ರದ ಮುಂದೆ ಕೂತಿದ್ದಳು, ನಾನು ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟೆ. ನಾಲಿಗೆ ಹೊರಳದೆ ಹೊರಳದೆ ಮಾವ ಎಲ್ಲವನ್ನೂ ಒಪ್ಪಿಸಿ, ನೀನು ಊರಿಗೆ ಬಂದುಬಿಡು ಅಂದ. ಅಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಷ್ಟೇ ತಾನೆ, ಇನ್ಮೇಲೆ ನನ್ನ ಹೊಲ ಹನ್ನೆರಡು ದಿನ ಬಿಟ್ಟು ಬಿತ್ತು, ಅದಕ್ಕೆ ನಾನೇ ಬರಬೇಕಾ ಎಂದಳು.

ಅದೂ ನಿಜವೇ. ಬಿತ್ತಿದ ಕೈ ಯಾರದೆಂದು ಬೀಜ ಕೇಳುತ್ತದೆಯೇ?

"ಜೋಳಕ್ಕೆ ಬೇಡ ಅಕ್ಕ, ನನಗೆ ಬೇಕು," ಅಂದ ಮಾವ. "ಮಧ್ಯಾಹ್ನ ಒಬ್ಬನೇ ಡಬ್ಬಿ ಬಿಚ್ಚೋಕೆ ಮನಸ್ಸೇ ಬರಲ್ಲ. ಹಾಗೇ ಮನೆಗೆ ವಾಪಸ್ ತರ್ತೀನಿ. ನೀನು ಏನೂ ಮಾಡ್ಬೇಡ, ಬಂದು ಬದು ಮೇಲೆ ಕೂತ್ಕೊಂಡ್ರೆ ಸಾಕು. ಗಾಡೀಲಿ ನಾನೇ ಕರ್ಕೊಂಡು ಹೋಗ್ತೀನಿ."

ಅವಳನ್ನು ಕರೆತಂದವಳು ನಾನೇ. ಅಮ್ಮ ತೊಡೆಯ ಮೇಲಿದ್ದ ಬಟ್ಟೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

"ಈ ಮಾತು ಅವತ್ತೇ ಹೇಳಿದ್ದಿದ್ರೆ," ಎಂದಳು ಕಡೆಗೆ, "ನಾನು ಬಸ್ ಹತ್ತುತ್ತಿದ್ನಾ?"