ಹುಳು ಸಾಕುವವಳ ಊಟ

ಬಾಳೆಹಣ್ಣು ಶೀತವೋ ಉಷ್ಣವೋ ಎಂಬುದು ಮೂವತ್ತನಾಲ್ಕು ವರ್ಷವಾದರೂ ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಸಂಗತಿ ಅಂತ ಮೊದಲು ಅನ್ನಿಸಿಯೂ ಇರಲಿಲ್ಲ. ಸಿಪ್ಪೆ ಸುಲಿದು ತಿಂದು ಮುಂದಿನ ಕೆಲಸ ನೋಡುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಹಣ್ಣಿಗೂ ಒಂದು ಜಾತಕ ಬಂತು. ಮಾರ್ಟಳ್ಳಿಯಿಂದ ನಮ್ಮಮ್ಮ ಫೋನು ಮಾಡಿ, “ದಿನಕ್ಕೊಂದು ಬಾಳೆಣ್ಣು ಕೊಡು, ಕೂಸು ಮೈ ತುಂಬ್ಕತದೆ” ಅನ್ನುತ್ತಾಳೆ. ಮನೆಯಲ್ಲಿರುವ ಅತ್ತೆ, “ಬಾಳೆಣ್ಣ ಮಾತ್ರ ಕೊಡ್ಬ್ಯಾಡ ಕಣಮ್ಮಿ, ನೆಗಡಿ ಕಟ್ಕತದೆ” ಅನ್ನುತ್ತಾರೆ. ಮೊಬೈಲಿನ ವಿಡಿಯೊ ಒಂದು, ಬೆಳಿಗ್ಗೆ ಕೊಡಬಹುದು, ಸಂಜೆ ಕೂಡದು, ಹಾಲಿನ ಜೊತೆಗಂತೂ ಕೊಡಲೇಬಾರದು ಎಂದು ಹೆದರಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಮುಂದಿನ ವಿಡಿಯೊದಲ್ಲಿ ಇನ್ನೊಬ್ಬಾಕೆ ನಗುನಗುತ್ತಾ ಹಾಲಿಗೇ ಬಾಳೆಹಣ್ಣು ಕಿವುಚುತ್ತಿರುತ್ತಾಳೆ. ಎಲ್ಲರ ಮಾನವನ್ನೂ ಉಳಿಸೋಣವೆಂದು ನಾನು ಅರ್ಧ ಹಣ್ಣು ಕೊಡಲು ಶುರು ಮಾಡಿದೆ. ಮಗಳು ಆ ಅರ್ಧದಲ್ಲಿ ಅರ್ಧ ತಿಂದು, ಉಳಿದದ್ದನ್ನು ನನ್ನ ಸೀರೆಗೆ ಒರೆಸುತ್ತಿದ್ದಳು.

ಹೀಗೆ ನಗಾಡಿಕೊಂಡು ಹೇಳುತ್ತೇನಾದರೂ ಆಗ ನನಗೆ ನಗು ಬರುತ್ತಿರಲಿಲ್ಲ. ಪುಟ್ಟಿಗೆ ಎರಡು ವರ್ಷ ತುಂಬಿತ್ತು. ಅಂಗನವಾಡಿಯಲ್ಲಿ ತೂಕ ಹಾಕಿದ ಟೀಚರು ಕಾರ್ಡಿನಲ್ಲಿ ಚುಕ್ಕೆ ಇಟ್ಟರೆ, ಅದು ಹಸಿರು ಪಟ್ಟಿಯಿಂದ ಕೆಳಗಿಳಿದು ಹಳದಿಗೆ ಕಾಲು ಚಾಚಿಕೊಂಡು ಕೂತಿತ್ತು. “ಸ್ವಲ್ಪ ನೋಡ್ಕಳಿ” ಎಂದರು ಅವರು. ಅಷ್ಟೇ ಅಂದದ್ದು. ಆದರೆ ಅದರಲ್ಲಿ ‘ಸ್ವಲ್ಪ’ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ.

ನಾನು ಕೊಳ್ಳೇಗಾಲದ ಕಚೇರಿಯೊಂದರಲ್ಲಿ ಗುಮಾಸ್ತೆ. ಗುಮಾಸ್ತರಿಗೆ ಕಷ್ಟ ಬಂದರೆ ದೇವರು ನೆನಪಾಗುವ ಮೊದಲು ನಮೂನೆ ನೆನಪಾಗುತ್ತದೆ. ಅಂದೇ ಒಂದು ಹಾಳೆಗೆ ಗೆರೆ ಹೊಡೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹೊತ್ತು, ತಿನಿಸು, ಎಷ್ಟು ಚಮಚ, ಉಗಿದದ್ದು ಎಷ್ಟು, ಷರಾ. ರಾಗಿಸರಿ ಏಳು ಚಮಚ, ಉಗಿದದ್ದು ಎರಡು, ಷರಾ: ಕಾಗೆ ತೋರಿಸಲಾಯಿತು. ಮನೆಯವರು ಅಜ್ಜೀಪುರದ ಕಡೆ ಮೇಷ್ಟ್ರು. ಬೆಳಿಗ್ಗೆ ಹನೂರಿನ ಬಸ್ಸಿಗೆ ಓಡುವ ಮುಂಚೆ ಆ ಹಾಳೆಯನ್ನು ಉತ್ತರಪತ್ರಿಕೆ ನೋಡಿದಂತೆ ನೋಡಿ, “ಡಾಕ್ಟ್ರು ಹೇಳ್ದಂಗೆ ಮಾಡು” ಅನ್ನುತ್ತಿದ್ದರು. ಚಪ್ಪಲಿ ಮೆಟ್ಟುವಾಗ, “ಅಮ್ಮ ಹೇಳ್ದಂಗೂ ಮಾಡು” ಅನ್ನುತ್ತಿದ್ದರು. ಎರಡೂ ಒಂದಕ್ಕೊಂದು ತಿರುಗುಮುರುಗು ಎಂದು ನಾನು ಹೇಳುವಷ್ಟರಲ್ಲಿ ಬಸ್ಸು ಹತ್ತಿರುತ್ತಿದ್ದರು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಗಾದೆಯೇ ಇದೆಯಲ್ಲ. ಹಿರಿಯರು ಬಲ್ಲವನ ವಿಷಯ ಹೇಳಿದರು, ಸಂತೋಷ. ಅಡುಗೆ ಮಾಡುವವಳು, ಉಣ್ಣಿಸುವವಳು, ಕೊನೆಗೆ ತಟ್ಟೆ ಬಳಿಯುವವಳು ಏನನ್ನು ಬಲ್ಲವಳಾಗಿರಬೇಕೆಂದು ಯಾವ ಗಾದೆಯೂ ಹೇಳಿದಂತಿಲ್ಲ. ನಮ್ಮ ವೈದ್ಯಶಾಸ್ತ್ರವೋ ವಾತ, ಪಿತ್ತ, ಕಫ ಎಂದು ಮೂರೇ ಬಾಗಿಲು ಇಟ್ಟು ಇಡೀ ಲೋಕವನ್ನು ಒಳಗೆ ಬಿಟ್ಟಿದೆ. ಪಪ್ಪಾಯ ಉಷ್ಣ, ಸೌತೆ ಶೀತ, ಆಲೂಗಡ್ಡೆ ವಾಯು. ಇದನ್ನೆಲ್ಲ ಕಲಿಯುತ್ತಾ ಹೋದ ನನಗೆ, ಎರಡು ವರ್ಷದ ಮಗು ಬದುಕಲು ಉಳಿದಿರುವುದು ಬರಿಯ ಬಿಸಿನೀರು ಎಂಬ ತೀರ್ಮಾನಕ್ಕೆ ಬರಬೇಕಾಯಿತು. ಕಾದಾರಿದ ನೀರು ಒಳ್ಳೆಯದೋ, ಬಿಸಿಯಿರುವಾಗಲೇ ಕುಡಿಸುವುದು ಒಳ್ಳೆಯದೋ ಎಂಬಲ್ಲಿ ಮತ್ತೆ ಎರಡು ಪಕ್ಷ.

ಅತ್ತೆಯದು ಬೇರೆಯೇ ಶಾಸ್ತ್ರ. ಅವರು ಯಳಂದೂರು ಪಕ್ಕದ ಹಳ್ಳಿಯವರು, ಜೀವಮಾನವಿಡೀ ರೇಷ್ಮೆ ಹುಳು ಸಾಕಿದವರು. ನಾನು ರಜೆ ಮುಗಿಸಿ ಕೆಲಸಕ್ಕೆ ಹೋಗಬೇಕಾದಾಗ, ಹುಳು ಮೇಯಿಸುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನೆಲ್ಲ ಅಟ್ಟಕ್ಕೇರಿಸಿ ಪುಟ್ಟಿಯನ್ನು ನೋಡಿಕೊಳ್ಳಲು ಬಂದರು. ನಾನು ಚಮಚ ಹಿಡಿದು ಮಗಳ ಹಿಂದೆ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿ ಅವರಿಗೆ ಮರುಕ. “ಹುಳ ಪೊರೆ ಬುಡೋವಾಗ ಮಲಿಕ್ಕತವೆ, ಸೊಪ್ಪು ತಿನ್ನಕಿಲ್ಲ ಕಣಮ್ಮಿ. ಆಗ ಮೇಲ್ ಮೇಲ್ ಸೊಪ್ಪು ಸುರುದ್ರೆ ಕೊಳ್ತು ಓಯ್ತದೆ, ಹುಳವೂ ಕೆಡ್ತದೆ. ಎದ್ದ ಮೇಲೆ ನೋಡು, ಮಳೆ ಉಯ್ದಂಗೆ ಸದ್ದು ಮಾಡ್ಕಂಡು ತಿಂತವೆ. ನಿನ್ನ ಕೂಸೂ ಏಳ್ತದೆ, ಬುಡು” ಅನ್ನುತ್ತಿದ್ದರು. ನನ್ನ ಮಗಳನ್ನು ಹುಳುವಿಗೆ ಹೋಲಿಸಿದರಲ್ಲ ಎಂದು ಒಂದು ದಿನವಿಡೀ ಮುಖ ಊದಿಸಿಕೊಂಡೆ. ಅವರು ಹುಳುಗಳನ್ನು ಎಷ್ಟು ಮುದ್ದಿನಿಂದ ನೋಡಿಕೊಂಡಿದ್ದರೆಂದು ಗೊತ್ತಿದ್ದರೆ ಅದು ಹೊಗಳಿಕೆಯೆಂದು ತಿಳಿಯುತ್ತಿತ್ತು.

ಆ ತಿಂಗಳುಗಳಲ್ಲಿ ನನಗೆ ಆಗಾಗ ತಲೆ ಸುತ್ತುತ್ತಿತ್ತು. ಬಿಸಿಲು ಅಂದುಕೊಂಡೆ. ಬಿಸಿಲಿಲ್ಲದ ದಿನ ಕಚೇರಿಯ ಕೆಲಸ ಅಂದುಕೊಂಡೆ. ಒಂದು ಸಂಜೆ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲಿಟ್ಟಿತು. ಕಂಬಿ ಕೈಗೆ ಸಿಕ್ಕಿತು, ಅಲ್ಲೇ ಕುಸಿದು ಕೂತೆ. ಮಗಳು ಇದೊಂದು ಹೊಸ ಆಟವೆಂದು ಚಪ್ಪಾಳೆ ತಟ್ಟಿದಳು. ಕಂಬಿ ಸಿಕ್ಕದಿದ್ದರೆ ಎಂದು ಇವತ್ತಿಗೂ ಯೋಚಿಸಲು ಹೆದರುತ್ತೇನೆ. ಆಗಲೂ ನನಗೆ ಹೊಳೆದದ್ದು ಒಂದೇ: ಮಗುವನ್ನು ಡಾಕ್ಟರಿಗೆ ತೋರಿಸಬೇಕು! ತಲೆ ಸುತ್ತಿದ್ದು ನನಗೆ, ತೋರಿಸಲು ಹೊರಟಿದ್ದು ಅವಳನ್ನು. ಇದರಲ್ಲಿ ಏನೋ ತಪ್ಪಿದೆ ಎಂದು ಆ ಹೊತ್ತಿನಲ್ಲಿ ಯಾರಾದರೂ ಹೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ.

ಡಾಕ್ಟರಮ್ಮ ಪುಟ್ಟಿಯ ಎದೆ, ಹೊಟ್ಟೆ, ನಾಲಗೆ ಎಲ್ಲ ನೋಡಿ, ಕಾರ್ಡನ್ನೂ ನೋಡಿ, ಮಗು ಚುರುಕಾಗಿದೆ, ಮುಂದಿನ ತಿಂಗಳು ಮತ್ತೆ ತೂಕ ನೋಡೋಣ ಎಂದರು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ನಿನ್ನೆ ಏನೇನು ತಿಂದ್ರಿ?” ಎಂದು ಕೇಳಿದರು. ಪಾಠ ಒಪ್ಪಿಸುವ ಹುಡುಗಿಯಂತೆ ಶುರು ಮಾಡಿದೆ. “ಬೆಳಿಗ್ಗೆ ಎಂಟಕ್ಕೆ ರಾಗಿಸರಿ ಏಳು ಚಮಚ, ಹನ್ನೊಂದಕ್ಕೆ ಅರ್ಧ ಬಾಳೆಹಣ್ಣು, ಒಂದೂವರೆಗೆ ಅನ್ನ ಬೇಳೆಕಟ್ಟು...”

“ಅದು ಮಗುವಿಂದು. ನೀವು?”

ಕಾಫಿ ಕುಡಿದದ್ದು ನೆನಪಿತ್ತು. ಪುಟ್ಟಿ ಬಿಟ್ಟ ಸರಿ ಬಿಸಾಡಲು ಮನಸ್ಸಾಗದೆ ತಿಂದಿದ್ದೆ. ಮಧ್ಯಾಹ್ನದ ಡಬ್ಬಿ ತೆರೆದಿದ್ದೆನೇ? ಮೊನ್ನೆ? ನನ್ನ ಹೊಟ್ಟೆಯ ವಿಷಯವನ್ನು ಇನ್ನೊಬ್ಬರ ಮನೆಯ ವಿಷಯದಂತೆ ಊಹೆ ಮಾಡುತ್ತಾ ಕೂತಿದ್ದೆ. ಅವಮಾನವೂ ಆಯಿತು, ಅಳುವೂ ಬಂತು. ಆಗಲೇ ಮಾಡಿಸಿದ ರಕ್ತ ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ ಎಂಟು ಚಿಲ್ಲರೆ ಎಂದಿತ್ತು. ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಮಗು ಎತ್ತಿಕೊಂಡು ಓಡಾಡುತ್ತೀರಲ್ಲ ಎಂದು ಡಾಕ್ಟರಮ್ಮ ಗದರಿ, ಮಾತ್ರೆ ಬರೆದರು. ಅದನ್ನು ಕಾಫಿಯ ಜೊತೆ ನುಂಗಬೇಡಿ ಎಂದೂ ಹೇಳಿದರು. ನಾನು ದಿನದಲ್ಲಿ ಕೂತು ಮಾಡುವ ಕೆಲಸ ಕಾಫಿ ಕುಡಿಯುವುದೊಂದೇ ಎಂದು ಅವರಿಗೆ ಹೇಗೆ ತಿಳಿಯಿತೋ.

ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ ನನ್ನನ್ನು ಮಣೆ ಹಾಕಿ ಕೂರಿಸಿದರು. ಮುಂದೆ ಮುದ್ದೆ, ಸೊಪ್ಪಿನ ಸಾರು, ಒಂದು ಮೊಟ್ಟೆ. “ಪುಟ್ಟಿಗೆ ಇನ್ನೂ ಉಣ್ಣಿಸಿಲ್ಲ ಅತ್ತೆ” ಎಂದು ಏಳಹೋದೆ. ಭುಜ ಒತ್ತಿ ಕೂರಿಸಿದರು.

“ಮೊದ್ಲು ನೀ ಉಣ್ಣು. ಹುಳ ಸಾಕೋಳು ಹಸ್ಕಂಡು ಹುಳದ ಮನೆ ಒಳಿಕ್ಕೆ ಓಗಕೂಡ್ದು, ನಮ್ಮತ್ತೆ ನಂಗೆ ಮಾಡಿದ್ ಕಟ್ಟು ಅದು. ಕೊನೆ ವಾರ್ದಲ್ಲಿ ಹುಳ ಹಗ್ಲೂ ರಾತ್ರಿ ಮೇಯ್ತವೆ. ಸೊಪ್ಪು ಆಕೋಳ್ ಕೈ ನಡುಗುದ್ರೆ ತಟ್ಟೆಗ್ ತಟ್ಟೆನೇ ಬಿದ್ದೋಯ್ತದೆ. ಅದ್ಕೇ ಮನೆ ಗಂಡಸ್ರಿಗಿಂತ ಮೊದ್ಲು ನಂಗೆ ಮುದ್ದೆ ಇಕ್ಕೋರು.”

ಎಂಥ ಒಳ್ಳೆಯ ಕಟ್ಟಳೆ ಎಂದು ನನಗೆ ಮನಸ್ಸು ತುಂಬಿ ಬಂತು. ಫ್ರಿಜ್ಜಿನ ಮೇಲೆ ಅಂಟಿಸಬೇಕಾದದ್ದು ಇದನ್ನೇ ಅಂದುಕೊಂಡೆ. ಮುದ್ದೆ ಮುರಿಯುತ್ತಾ, ಮಾತಿಗೆಂಬಂತೆ ಕೇಳಿದೆ. “ನಿಮ್ಮದು ಊಟ ಆಯ್ತಾ ಅತ್ತೆ?”

“ನಂದೇನವ್ವ, ಆಯ್ತದೆ.”

“ಬೆಳಿಗ್ಗೆ ಏನು ತಿಂದ್ರಿ?”

ಅತ್ತೆ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. “ಮೊದ್ಲು ಉಣ್ಬೇಕು ಅಂತ ಈಗ ತಾನೇ ಅಂದ್ರಲ್ಲ?” ಎಂದೆ.

“ಅಯ್ಯೋ, ಅದು ಹುಳ ಇದ್ದಾಗ ಕಣಮ್ಮಿ. ಈಗೇನು ಹುಳ ಅವ್ಯಾ?”

ಇಷ್ಟು ವರ್ಷ ಈ ಹೆಂಗಸಿಗೆ ಬಿಸಿ ಮುದ್ದೆ ಸಿಕ್ಕಿದ್ದು ಹುಳುಗಳ ದೆಸೆಯಿಂದ. ಈಗ ನನಗೆ ಸಿಕ್ಕಿರುವುದೂ ಪುಟ್ಟಿಯ ದೆಸೆಯಿಂದಲೇ ಇರಬಹುದು, ಡಾಕ್ಟರಮ್ಮ ಗದರಿದ್ದೂ ಅದಕ್ಕೇ ಇರಬಹುದು. ಇದಕ್ಕೆ ಬೇಜಾರು ಪಡಬೇಕೋ, ಹೇಗೋ ಸಿಕ್ಕಿತಲ್ಲ ಎಂದು ಉಣ್ಣಬೇಕೋ ತಿಳಿಯಲಿಲ್ಲ. ತಿಳಿದದ್ದು ಒಂದೇ, ಮುದ್ದೆ ಆರುತ್ತಿತ್ತು. ಎಡಗೈಯಲ್ಲಿ ಅತ್ತೆಯ ಸೆರಗು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿದೆ. “ನಾನ್ ಕುಂತ್ರೆ ಇಕ್ಕೋರ್ ಯಾರು?” ಎಂದು ಅವರು ಎದ್ದರು. ಅವರು ಎದ್ದರೆಂದು ನಾನೂ ಎದ್ದೆ. ನಾನು ಎದ್ದೆನೆಂದು ಅವರು ಬೈದು ಮತ್ತೆ ಕೂತರು. ಹೀಗೆ ಎರಡು ಸಲವಾದ ಮೇಲೆ, ಹಜಾರದಲ್ಲಿ ಪುಟ್ಟಿಯ ಜೊತೆ ಪೇಪರ್ ಓದುತ್ತಿದ್ದ ಮೇಷ್ಟ್ರನ್ನು ಕೂಗಿ ಕರೆದೆವು.

ಬಂದರು. ಸೌಟು ಕೈಗೆ ಕೊಟ್ಟೆ. ಒಂದು ಕಡೆ ಹೆತ್ತಮ್ಮ, ಒಂದು ಕಡೆ ಹೆಂಡತಿ, ಹೆಗಲ ಮೇಲೆ ಹಸಿದ ಮಗಳು. ಅವರು ಒಮ್ಮೆ ಇತ್ತ, ಒಮ್ಮೆ ಅತ್ತ ನೋಡಿ, “ಈಗ ಮೊದ್ಲು ಯಾರಿಗೆ ಇಕ್ಲಿ?” ಎಂದು ಕೇಳಿದರು.

ಸ್ವಲ್ಪ ಹೊತ್ತು ಅವರೂ ಯೋಚನೆ ಮಾಡಲಿ ಎಂದು ಅತ್ತೆಯ ಮುಂದೆಯೂ ಒಂದು ತಟ್ಟೆ ಇಟ್ಟು, ಇಬ್ಬರೂ ಪಕ್ಕಪಕ್ಕದಲ್ಲಿ ಕೂತೆವು.