ಲೇಬಲ್ಲಿನ ಮೇಲಿನ ವಿಭೂತಿ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬನ್ನಿಮಂಟಪದ ಒಂದು ಕೀಟನಾಶಕ ಕಂಪನಿಯಲ್ಲಿ ನಾನು ರಫ್ತಿನ ಕಾಗದಪತ್ರ ಟೈಪ್ ಮಾಡುತ್ತಿದ್ದೆ. ವಿಷದ ಸರಕು ಹೊರದೇಶಕ್ಕೆ ಹೋಗುವ ಮೊದಲು ಆ ದೇಶದ ಸರ್ಕಾರಕ್ಕೆ ಇದು ಇಂಥ ವಿಷ ಎಂದು ತಿಳಿಸಬೇಕು, ಅವರ ಒಪ್ಪಿಗೆ ಪತ್ರ ಬರಬೇಕು, ಡ್ರಮ್ಮಿನ ಮೇಲೆ ಅವರ ಭಾಷೆಯಲ್ಲಿ ಎಚ್ಚರಿಕೆಯೂ ತಲೆಬುರುಡೆಯ ಚಿತ್ರವೂ ಇರಬೇಕು. ಪತ್ರ ನನ್ನ ಪಾಲು, ಲೇಬಲ್ಲು ಸ್ಟೋರ್ ಕೀಪರ್ ಪಾಲು. ಕೆಸರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಆ ಹಿರಿಯರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಒಂದೊಂದು ಲೇಬಲ್ಲನ್ನೂ ಅಂಟಿಸಿ, ಅಂಗೈಯಲ್ಲಿ ಒತ್ತಿ, ಹಿಂದೆ ಸರಿದು ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು.

ಆ ವರ್ಷ ಒಪ್ಪಿಗೆ ಪತ್ರ ಆಯುಧಪೂಜೆಯ ಹೊತ್ತಿಗೆ ಬಂತು. ಡ್ರಮ್ಮುಗಳು ಹೊರಡಲು ಸಾಲಾಗಿ ನಿಂತಿದ್ದವು. ಯಂತ್ರಗಳಿಗೆಲ್ಲ ಪೂಜೆಯಾಗಿದೆ, ಇವಕ್ಕೇಕಿಲ್ಲ ಎಂದು ನಾನೇ ಬಟ್ಟಲು ಹಿಡಿದು ಹೊರಟೆ. ನಮ್ಮದು ಮಠದ ಒಕ್ಕಲಿನ ಮನೆ. ವಿಭೂತಿ ಹಚ್ಚುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಲೇಬಲ್ ಮೇಲೆ ಬ್ಯಾಡ ಕಣಮ್ಮ, ಪಕ್ಕಕ್ಕೆ ಹಚ್ಬುಡು," ಅಂದರು ಅಣ್ಣ.

"ಹಣೆ ಬಿಟ್ಟು ಕೆನ್ನೆಗೆ ಹಚ್ತಾರೇನಣ್ಣ?"

ಅವರು ನಕ್ಕು ದಾರಿ ಬಿಟ್ಟರು. ಪ್ರತಿ ಲೇಬಲ್ಲಿಗೂ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟೆ.

ಸರಕು ವಾಪಸ್ ಬಂತು. ಎಣ್ಣೆ ಕುಡಿದ ಕಾಗದದ ಮೇಲೆ ಕುಂಕುಮ ಹರಡಿ ತಲೆಬುರುಡೆ ಕಾಣದಾಗಿತ್ತು. ಎಚ್ಚರಿಕೆ ಓದಲಾಗದೆ ಆ ದೇಶದ ಬಂದರಿನವರು ಇಳಿಸಿಕೊಳ್ಳಲಿಲ್ಲವಂತೆ. ಅಲ್ಲಿಂದ ಬಂದ ಫೋಟೊವನ್ನು ಮ್ಯಾನೇಜರ್ ಮುಂದಿಟ್ಟು ಕೇಳಿದರು: "ಯಾರ್ರೀ ಮಾಡಿದ್ದು ಇದನ್ನ?"

ನಾನಿನ್ನೂ ಕಾಯಂ ಆಗಿರಲಿಲ್ಲ. ಬಾಯಿ ತೆರೆಯಲಿಲ್ಲ. ಅಣ್ಣ ನನ್ನ ಕಡೆ ನೋಡದೆ, "ಲೇಬಲ್ಲು ನನ್ನ ಜವಾಬ್ದಾರಿ ಸಾರ್, ನಂದೇ ತಪ್ಪು," ಅಂದರು.

ಅದೇ ವಾರ ಅವರನ್ನು ಕೆಲಸದಿಂದ ತೆಗೆದರು. ಆ ಪತ್ರವನ್ನೂ ನಾನೇ ಟೈಪ್ ಮಾಡಿದೆ. ಒಂದಕ್ಷರ ತಪ್ಪಲಿಲ್ಲ. ಆಮೇಲೆ ಡಬ್ಬಿ ಬಿಚ್ಚಿ ಊಟ ಮಾಡಿದೆ. ಅಳು ಬರಲಿಲ್ಲ. ನಾಚಿಕೆಯೂ ಆಗಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಆಗಲಿಲ್ಲ. ಒಳಗೆಲ್ಲ ಮರಗಟ್ಟಿತ್ತು, ಅಷ್ಟೆ.

ಮರುವರ್ಷ ಆಯುಧಪೂಜೆಯ ಹಿಂದಿನ ದಿನ ಅಣ್ಣ ದೇವರಾಜ ಮಾರುಕಟ್ಟೆಯಲ್ಲಿ ಸಿಕ್ಕರು. ಯಾರದೋ ಅಂಗಡಿಗೆ ಬೂದುಗುಂಬಳದ ಮೂಟೆ ಹೊರುತ್ತಿದ್ದರು. ಇಳಿಸಿ, ಬೆವರು ಒರೆಸಿಕೊಂಡರು.

"ಕೆಲ್ಸ ಕಾಯಂ ಆಯ್ತೇನಮ್ಮ?"

"ಆಯ್ತಣ್ಣ."

"ಅಂಗಾದ್ರೆ ಸರಿ. ನಾಳೆ ಪಕ್ಕಕ್ಕೆ ಹಚ್ಬುಡು."

ಹೂಂ ಅಂದೆ. ಡ್ರಮ್ಮುಗಳಿಗೆ ಪೂಜೆಯೇ ಕೂಡದೆಂದು ಕಂಪನಿ ಆದೇಶ ಮಾಡಿದೆ ಎಂದು ಅವರಿಗೆ ಹೇಳಲಿಲ್ಲ.